ತಂತ್ರಾಂಶ ಹೋದರೂ ಪಠ್ಯ ಉಳಿಯಬೇಕು

ಸಾಹಿತ್ಯ ಸಂಘವಾಗಲಿ, ಗ್ರಂಥಾಲಯವಾಗಲಿ, ಮಾಸಪತ್ರಿಕೆಯಾಗಲಿ, ಸಂಶೋಧನ ಕೇಂದ್ರವಾಗಲಿ, ತನ್ನದೊಂದು ಜಾಲತಾಣ ಬೇಕೆಂದು ತೀರ್ಮಾನಿಸಿದ ಸಂಸ್ಥೆಯ ಮುಂದೆ ಯಾವ ತಂತ್ರಾಂಶವನ್ನು ಬಳಸುವುದು ಎಂಬ ಪ್ರಶ್ನೆ ಕೂಡಲೇ ಬಂದು ನಿಲ್ಲುತ್ತದೆ. ಕೆಲಸ ಒಪ್ಪಿಕೊಂಡವರಿಗೆ ಯಾವುದು ರೂಢಿಯಾಗಿದೆಯೋ ಅದೇ ಬಹುಪಾಲು ಸಂದರ್ಭಗಳಲ್ಲಿ ಆ ಪ್ರಶ್ನೆಯ ಉತ್ತರವೂ ಆಗಿಬಿಡುತ್ತದೆ. ಪುಟದ ಬಣ್ಣ, ಮುಖಪುಟದಲ್ಲಿ ಸರಿಯುವ ಚಿತ್ರಗಳು, ಮೊಬೈಲಿನಲ್ಲಿ ಕಾಣುವ ಬಗೆ ಇವುಗಳ ಬಗ್ಗೆ ಕಾರ್ಯಕಾರಿ ಸಮಿತಿಗಳಲ್ಲಿ ದೀರ್ಘ ಚರ್ಚೆ ನಡೆಯುತ್ತದೆ. ಪ್ರಕಟಿಸಿದ ಲೇಖನ ಯಾವ ರೂಪದಲ್ಲಿ, ಎಲ್ಲಿ, ಯಾರ ಹೆಸರಿನಲ್ಲಿ ಉಳಿಯುತ್ತದೆ ಎಂಬ ಚರ್ಚೆ ಮಾತ್ರ ನಡೆಯುವುದು ಅಪರೂಪ. ತಂತ್ರಾಂಶದ ಆಯ್ಕೆಯೆಂದರೆ ಮೂಲತಃ ಈ ಎರಡನೆಯ ಪ್ರಶ್ನೆಗೆ ಕೊಡುವ ಉತ್ತರವೇ ಆಗಿದೆ. ಜಾಲತಾಣ ಕಟ್ಟುವ ಅನೇಕ ತಂತ್ರಾಂಶಗಳು ಹತ್ತು ವರ್ಷ ತುಂಬುವುದರೊಳಗೆ ಹಳತಾಗುತ್ತವೆ, ಕೆಲವು ಹೆಸರೂ ಉಳಿಯದಂತೆ ಕಣ್ಮರೆಯಾಗುತ್ತವೆ. ಅವುಗಳೊಳಗೆ ಇಟ್ಟ ಪಠ್ಯದ ಆಯುಷ್ಯ ಅದಕ್ಕಿಂತ ಬಹಳ ದೀರ್ಘವಾಗಿರಬೇಕಾಗುತ್ತದೆ. ಆದುದರಿಂದ ಒಂದು ತಂತ್ರಾಂಶ ಪಠ್ಯವನ್ನು ಎಷ್ಟು ಸುಲಭವಾಗಿ ಒಳಕ್ಕೆ ತೆಗೆದುಕೊಳ್ಳುತ್ತದೆ ಎನ್ನುವುದಕ್ಕಿಂತ, ಎಷ್ಟು ಸುಲಭವಾಗಿ ಮತ್ತು ಎಷ್ಟು ಇಡಿಯಾಗಿ ಹೊರಕ್ಕೆ ಬಿಟ್ಟುಕೊಡುತ್ತದೆ ಎನ್ನುವುದೇ ಆಯ್ಕೆಯ ಮೊದಲ ಅಳತೆಗೋಲಾಗಬೇಕು. ಎಲ್ಲ ಭಾಷೆಗಳಿಗೂ ಸಲ್ಲುವ ಈ ಮಾತು, ತನ್ನ ಮೊದಲ ತಲೆಮಾರಿನ ಡಿಜಿಟಲ್ ಬರಹದ ದೊಡ್ಡ ಭಾಗವನ್ನು ಓದಲಾಗದ ಸ್ಥಿತಿಯಲ್ಲಿ ಕಂಡಿರುವ ಕನ್ನಡಕ್ಕೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ಫಾಂಟಿಗೆ ಕಟ್ಟುಬಿದ್ದ ಬರಹ

ಕಂಪ್ಯೂಟರು ಅಕ್ಷರಗಳನ್ನು ಸಂಖ್ಯೆಗಳಾಗಿ ಉಳಿಸಿಕೊಳ್ಳುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದವನ್ನು ಸಂಕೇತೀಕರಣ ಎಂದು ಕರೆಯುತ್ತಾರೆ. 1990ರ ದಶಕದ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿದ್ದ ಸಂಕೇತೀಕರಣಗಳಲ್ಲಿ 256 ಸ್ಥಾನಗಳು ಮಾತ್ರ ಇದ್ದು, ಅವುಗಳ ಮೊದಲರ್ಧವನ್ನು ಇಂಗ್ಲಿಷ್ ಅಕ್ಷರಗಳು, ಅಂಕಿಗಳು ಮತ್ತು ಚಿಹ್ನೆಗಳು ಆಗಲೇ ತುಂಬಿಕೊಂಡಿದ್ದವು. ಕನ್ನಡವನ್ನು ಈ ಚೌಕಟ್ಟಿನೊಳಗೆ ಕೂರಿಸಲು ಅಂದಿನ ತಂತ್ರಜ್ಞರು ಕಂಡುಕೊಂಡ ದಾರಿಯೆಂದರೆ, ತಲಕಟ್ಟು, ಗುಡಿಸು, ಕೊಂಬು, ಒತ್ತಕ್ಷರ ಮೊದಲಾದ ಅಕ್ಷರಭಾಗಗಳನ್ನು ಬಿಡಿಬಿಡಿಯಾಗಿ ಚಿತ್ರಿಸಿ, ಲ್ಯಾಟಿನ್ ಅಕ್ಷರಗಳಿಗೆಂದು ಇದ್ದ ಸ್ಥಾನಗಳಲ್ಲಿ ಅವುಗಳನ್ನು ಇಟ್ಟು ಫಾಂಟ್ ತಯಾರಿಸುವುದು. ಪರದೆಯ ಮೇಲೆ ಕನ್ನಡ ಕಾಣುತ್ತಿತ್ತಾದರೂ ಕಡತದೊಳಗೆ ಉಳಿಯುತ್ತಿದ್ದದ್ದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಅದು ಕನ್ನಡವೆಂದು ಗುರುತಾಗಬೇಕಾದರೆ ಅದೇ ಫಾಂಟ್ ಜೊತೆಗಿರಲೇಬೇಕಿತ್ತು. ಒಂದು ಕಂಪನಿಯ ಫಾಂಟಿನ ವಿನ್ಯಾಸ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವು ಕನ್ನಡವನ್ನು ಕಚೇರಿಗಳಿಗೂ ಮುದ್ರಣಾಲಯಗಳಿಗೂ ಮನೆಗಳಿಗೂ ತಲುಪಿಸಿದ ಮಹತ್ವದ ಕೆಲಸಗಳು. ಇಲ್ಲಿ ಹೇಳುತ್ತಿರುವುದು ಆ ತಂತ್ರಾಂಶಗಳ ದೋಷವನ್ನಲ್ಲ, ಆ ಕಾಲದ ಸಂಕೇತೀಕರಣ ಒಡ್ಡಿದ್ದ ಮಿತಿಯನ್ನು.

ಯು.ಬಿ. ಪವನಜ ಅವರು 1996ರಲ್ಲಿ ಆರಂಭಿಸಿದ ವಿಶ್ವಕನ್ನಡದಂತಹ ಮೊದಲ ಕನ್ನಡ ತಾಣಗಳು ಈ ಮಿತಿಯೊಳಗೇ ಕೆಲಸ ಮಾಡಬೇಕಾಯಿತು. ಓದುಗನ ಕಂಪ್ಯೂಟರಿನಲ್ಲಿ ತಕ್ಕ ಫಾಂಟ್ ಇಲ್ಲದಿದ್ದರೆ ಪುಟ ಓದಲು ಬರುತ್ತಿರಲಿಲ್ಲ. ಇದಕ್ಕೆ ಪರಿಹಾರವೆಂಬಂತೆ 1997ರ ವೇಳೆಗೆ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿನಲ್ಲಿ, ಪುಟದೊಂದಿಗೆ ಫಾಂಟೂ ತಾನಾಗಿ ಇಳಿದು ಬರುವ ಸೌಲಭ್ಯವನ್ನು ತಂದಿತು. ಡೈನಮಿಕ್ ಫಾಂಟ್ ಎಂಬ ಹೆಸರಿನಲ್ಲಿ ಇದು ಭಾರತೀಯ ಭಾಷೆಗಳ ತಾಣಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತಾದರೂ, ನೆಟ್‌ಸ್ಕೇಪ್ ಬ್ರೌಸರು ಇದೇ ಕೆಲಸಕ್ಕೆ ಬೇರೊಂದು ತಂತ್ರವನ್ನು ಅನುಸರಿಸಿದ್ದರಿಂದ ಒಂದರಲ್ಲಿ ತೆರೆದುಕೊಂಡ ಪುಟ ಇನ್ನೊಂದರಲ್ಲಿ ತೆರೆದುಕೊಳ್ಳುತ್ತಿರಲಿಲ್ಲ. ಜಗತ್ತಿನ ಎಲ್ಲ ಲಿಪಿಗಳಿಗೂ ಬೇರೆಬೇರೆ ಸಂಖ್ಯೆಗಳನ್ನು ನಿಗದಿಪಡಿಸುವ ಯೂನಿಕೋಡ್ ಎಂಬ ಸಂಕೇತೀಕರಣದ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ವಿಭಾಗವಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಆದರೆ ಕಾರ್ಯಾಚರಣ ವ್ಯವಸ್ಥೆ ಅದನ್ನು ಬೆಂಬಲಿಸಬೇಕಿತ್ತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟಿನೊಂದಿಗೆ ಬಂದ ಮೇಲೆಯೇ ಸಾಮಾನ್ಯ ಬಳಕೆದಾರನಿಗೆ ಆ ದಾರಿ ತೆರೆಯಿತು, ಮತ್ತು 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಯೂನಿಕೋಡನ್ನೇ ನೆಚ್ಚಿಕೊಂಡು ಬೆಳೆಯಿತು. ಪುಟವಿನ್ಯಾಸಕ್ಕೆ ಬಳಸುತ್ತಿದ್ದ ಪೇಜ್‌ಮೇಕರಿನಂತಹ ತಂತ್ರಾಂಶಗಳಿಗೆ ಯೂನಿಕೋಡ್ ತಿಳಿಯದಿದ್ದ ಕಾರಣ ಮುದ್ರಣಲೋಕ ಹಳೆಯ ಫಾಂಟುಗಳಲ್ಲೇ ಉಳಿಯಿತು, ಅಲ್ಲಿಂದ ಪಠ್ಯವನ್ನು ನೇರವಾಗಿ ತೆಗೆದುಕೊಳ್ಳುತ್ತಿದ್ದ ಜಾಲತಾಣಗಳೂ ಹಳೆಯ ಸಂಕೇತಗಳಿಗೇ ಅಂಟಿಕೊಂಡವು.

ಇದರ ಬೆಲೆ ಎರಡು ಬಗೆಯಲ್ಲಿ ತೆರಬೇಕಾಯಿತು. ಆ ಪುಟಗಳ ಒಳಗಿದ್ದದ್ದು ಕನ್ನಡವಲ್ಲದ ಕಾರಣ ಹುಡುಕು ಯಂತ್ರಗಳಿಗೆ ಅವು ಕಾಣಿಸಲೇ ಇಲ್ಲ. ಬ್ರೌಸರುಗಳು ಬದಲಾಗಿ ಡೈನಮಿಕ್ ಫಾಂಟಿನ ಸೌಲಭ್ಯ ನಿಂತುಹೋದ ಮೇಲೆ ಮನುಷ್ಯರಿಗೂ ಕಾಣಿಸದಾದವು. ಯಾರೂ ಅಳಿಸದಿದ್ದರೂ, ಸರ್ವರಿನಲ್ಲಿ ಒಂದು ಬೈಟೂ ಕಡಿಮೆಯಾಗದಿದ್ದರೂ, ಪಠ್ಯ ಇಲ್ಲದಂತಾಯಿತು. ಇಂತಹ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳನ್ನು ಬಳಿಕ ಕನ್ನಡದ ಸ್ವಯಂಸೇವಕ ತಂತ್ರಜ್ಞರು ಸಿದ್ಧಪಡಿಸಿದರು. ವಚನಗಳ ಬೃಹತ್ ಸಂಗ್ರಹವನ್ನು ಪದಪದವಾಗಿ ಹುಡುಕಬಲ್ಲಂತೆ ಮಾಡಿದ ವಚನ ಸಂಚಯದ ಹಿಂದೆ ಇರುವುದು ಇದೇ ಬಗೆಯ ತಾಳ್ಮೆಯ ಕೆಲಸ. ಪರಿವರ್ತನೆ ಯಾಂತ್ರಿಕವಾಗಿ ಮುಗಿಯುವಂಥದ್ದಲ್ಲ. ಅರ್ಕಾವತ್ತು, ಒತ್ತಕ್ಷರ, ದೀರ್ಘಗಳು ಹಳೆಯ ಫಾಂಟುಗಳಲ್ಲಿ ಬರೆದ ಕ್ರಮಕ್ಕೂ ಯೂನಿಕೋಡಿನಲ್ಲಿ ಇರಬೇಕಾದ ಕ್ರಮಕ್ಕೂ ವ್ಯತ್ಯಾಸವಿರುವುದರಿಂದ ಕರಡು ತಿದ್ದುವ ಮನುಷ್ಯರು ಬೇಕೇ ಬೇಕು. ಇಷ್ಟೆಲ್ಲ ಆದ ಮೇಲೂ ಅನೇಕ ಸಂಸ್ಥೆಗಳು ಇಂದಿಗೂ ಹಳೆಯ ಫಾಂಟಿನಲ್ಲಿ ಜೋಡಿಸಿದ ಪುಟಗಳನ್ನು ಪಿಡಿಎಫ್ ಮಾಡಿ ತಾಣಕ್ಕೆ ಏರಿಸುತ್ತಿರುವುದು ವಿಷಾದದ ಸಂಗತಿ. ಕಣ್ಣಿಗೆ ಕನ್ನಡವಾಗಿ ಕಾಣುವ ಅಂತಹ ಪಿಡಿಎಫಿನಿಂದ ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಬರುವುದು ಅದೇ ಲ್ಯಾಟಿನ್ ಅಕ್ಷರಗಳ ಗೋಜಲು.

ಸಿದ್ಧಪುಟ ಮತ್ತು ಸಿದ್ಧವಾಗುವ ಪುಟ

ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಸಂಶೋಧನ ಕೇಂದ್ರದಲ್ಲಿ ರೂಪಿಸಿದ ಮೊದಲ ಜಾಲತಾಣ ಕೆಲವು ಸರಳ ಪಠ್ಯಕಡತಗಳ ಸಮೂಹವಾಗಿತ್ತು. ಶೀರ್ಷಿಕೆ ಯಾವುದು, ವಾಕ್ಯವೃಂದ ಯಾವುದು, ಕೊಂಡಿ ಯಾವುದು ಎಂದು ಸೂಚಿಸುವ ಎಚ್‌ಟಿಎಂಎಲ್ ಎಂಬ ಗುರುತುಭಾಷೆಯಲ್ಲಿ ಬರೆದ ಆ ಕಡತಗಳನ್ನು ಸರ್ವರು, ಅಂದರೆ ಕೇಳಿದವರಿಗೆ ಪುಟ ಒದಗಿಸುವ ಕಂಪ್ಯೂಟರು, ಇದ್ದಂತೆಯೇ ಕಳುಹಿಸುತ್ತಿತ್ತು. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಜ್ಞಾನವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಆ ಕಾಲದ ಪುಟಗಳನ್ನು ಸರ್ನ್ 2013ರಲ್ಲಿ ಮೂಲ ವಿಳಾಸದಲ್ಲೇ ಮತ್ತೆ ಇರಿಸಿದಾಗ ಅವು ಇಂದಿನ ಬ್ರೌಸರುಗಳಲ್ಲಿ ತೊಡಕಿಲ್ಲದೆ ತೆರೆದುಕೊಂಡವು. ಇದಕ್ಕೆ ಪ್ರತಿಯಾಗಿ, ಅವುಗಳ ಎಷ್ಟೋ ವರ್ಷಗಳ ನಂತರ ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಚಲನಶೀಲ ತಾಣಗಳು, ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲವನ್ನು ನಿಲ್ಲಿಸಿದ ಮೇಲೆ ಬ್ರೌಸರುಗಳಿಂದ ಮರೆಯಾದವು.

ಪುಟಗಳನ್ನು ಮೊದಲೇ ಸಿದ್ಧಪಡಿಸಿ ಇಡುವುದರ ಬದಲು, ಓದುಗ ಕೇಳಿದ ಗಳಿಗೆಯಲ್ಲಿ ಡೇಟಾಬೇಸಿನಿಂದ ಪಠ್ಯವನ್ನು ಎತ್ತಿ, ಒಂದು ಅಚ್ಚಿನಲ್ಲಿ ತುಂಬಿ ಪುಟವನ್ನು ಸಿದ್ಧಪಡಿಸುವ ಪದ್ಧತಿಯನ್ನು ಸಾಮಾನ್ಯರ ಕೈಗೆ ತಂದದ್ದು ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಬಿಡುಗಡೆ ಮಾಡಿದ ಪಿಎಚ್‌ಪಿ ಭಾಷೆ. ಬರೆಯುವವರಿಗೆ ಗುರುತುಭಾಷೆಯ ಗೊಡವೆಯಿಲ್ಲದೆ, ಲಾಗಿನ್ ಆಗಿ ಬರೆದು ಪ್ರಕಟಿಸುವ ಗುಂಡಿ ಒತ್ತಿದರೆ ಸಾಕಾಗುವಂತಹ ವಿಷಯ ನಿರ್ವಹಣಾ ತಂತ್ರಾಂಶಗಳು ಇದರ ಮೇಲೆ ಬೆಳೆದವು. 2001ರ ದ್ರುಪಾಲ್, 2003ರ ವರ್ಡ್‌ಪ್ರೆಸ್, 2005ರ ಜೂಮ್ಲಾ ಈ ಗುಂಪಿನ ಪ್ರಮುಖ ಹೆಸರುಗಳು. ಇವುಗಳಲ್ಲಿ ವರ್ಡ್‌ಪ್ರೆಸ್ ಒಂದೇ ಇಂದು ಜಗತ್ತಿನ ಶೇ. 40ಕ್ಕೂ ಹೆಚ್ಚು ಜಾಲತಾಣಗಳಲ್ಲಿ ಬಳಕೆಯಲ್ಲಿದೆ.

ವರ್ಡ್‌ಪ್ರೆಸ್ಸಿನ ಹುಟ್ಟು ತಂತ್ರಾಂಶ ಆರಿಸುವವರಿಗೆ ಒಂದು ಒಳ್ಳೆಯ ಪಾಠವನ್ನು ಒದಗಿಸುತ್ತದೆ. ಬಿ2 ಎಂಬ ತಂತ್ರಾಂಶದ ಮೂಲ ಲೇಖಕ ಅದರ ಕೆಲಸವನ್ನು ನಿಲ್ಲಿಸಿದಾಗ, ಅದನ್ನು ಬಳಸುತ್ತಿದ್ದ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದರ ಸಂಕೇತವನ್ನೇ ತೆಗೆದುಕೊಂಡು ಮುಂದುವರಿಸಿದ್ದರಿಂದ ವರ್ಡ್‌ಪ್ರೆಸ್ ರೂಪುಗೊಂಡಿತು. ಹಾಗೆ ಮುಂದುವರಿಸಲು ಸಾಧ್ಯವಾದದ್ದು ಬಿ2 ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಇದ್ದುದರಿಂದ. ಯಾರು ಬೇಕಾದರೂ ತಂತ್ರಾಂಶವನ್ನು ಬಳಸುವ, ಬದಲಿಸುವ, ಮರುಹಂಚುವ ಹಕ್ಕನ್ನು ಕೊಟ್ಟು, ಬದಲಿಸಿ ಹಂಚಿದವರು ಅದೇ ಹಕ್ಕನ್ನು ಇತರರಿಗೆ ಕೊಡಬೇಕೆಂಬ ಹೊಣೆಯನ್ನೂ ಈ ಪರವಾನಗಿ ವಿಧಿಸುತ್ತದೆ. ಮರುವರ್ಷ, 2004ರ ಮೇ ತಿಂಗಳಲ್ಲಿ, ಆಗ ಜನಪ್ರಿಯವಾಗಿದ್ದ ಮೂವಬಲ್ ಟೈಪ್ ಎಂಬ ತಂತ್ರಾಂಶದ ಒಡೆಯರು ಪರವಾನಗಿಯ ನಿಯಮಗಳನ್ನೂ ದರವನ್ನೂ ಬದಲಿಸಿದಾಗ ಅದರ ಅನೇಕ ಬಳಕೆದಾರರು ವರ್ಡ್‌ಪ್ರೆಸ್ಸಿಗೆ ವಲಸೆ ಬಂದರು. ಒಂದರಲ್ಲಿ ಮಾಡಿದವನು ಬಿಟ್ಟುಹೋದರೂ ಕೆಲಸ ಮುಂದುವರಿಯಿತು. ಇನ್ನೊಂದರಲ್ಲಿ ಮಾಡಿದವನು ಇದ್ದರೂ ಬಳಸುವವರು ಹೊರಡಬೇಕಾಯಿತು. ಪರವಾನಗಿಯ ಪುಟವನ್ನು ಓದುವ ಶ್ರಮ ತೆಗೆದುಕೊಳ್ಳುವ ಸಂಸ್ಥೆಗಳು ಕಡಿಮೆ, ಆದರೆ ಸೌಲಭ್ಯಗಳ ಪಟ್ಟಿಗಿಂತ ಮೊದಲು ಓದಬೇಕಾದ ಪುಟ ಅದೇ.

ಹಾಗೆಂದು ಮುಕ್ತ ಪರವಾನಗಿ ಎಲ್ಲ ತೊಂದರೆಗಳಿಂದ ಕಾಪಾಡುವುದಿಲ್ಲ ಎಂಬುದಕ್ಕೆ ದ್ರುಪಾಲ್ ನಿದರ್ಶನ. ಹರಿಪ್ರಸಾದ್ ನಾಡಿಗ್ 2005ರಲ್ಲಿ ಆರಂಭಿಸಿದ, ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ಬರೆದ ಸಂಪದ ಸಮುದಾಯ ತಾಣವು ದ್ರುಪಾಲ್ ಆಧರಿಸಿದ್ದಾಗಿತ್ತು. ಸದಸ್ಯರು, ಬಗೆಬಗೆಯ ಬರಹಗಳು, ಅನುಮತಿಗಳ ಹಂತಗಳು ಇರುವ ತಾಣಕ್ಕೆ ಅದು ಸಮರ್ಥ ತಂತ್ರಾಂಶವೆಂಬುದರಲ್ಲಿ ಸಂಶಯವಿಲ್ಲ. ಆದರೆ 2011ರ ಏಳನೆಯ ಆವೃತ್ತಿಯಿಂದ 2015ರ ಎಂಟನೆಯ ಆವೃತ್ತಿಗೆ ಬರುವಾಗ ದ್ರುಪಾಲಿನ ಒಳರಚನೆಯೇ ಬದಲಾದ್ದರಿಂದ, ಹಳೆಯ ತಾಣಗಳನ್ನು ಮೇಲ್ದರ್ಜೆಗೇರಿಸುವ ಕೆಲಸ ಹೊಸದಾಗಿ ಕಟ್ಟಿ ಪಠ್ಯವನ್ನು ಸಾಗಿಸುವ ಕೆಲಸವಾಗಿ ಮಾರ್ಪಟ್ಟಿತು. ಆ ವೆಚ್ಚವನ್ನು ಹೊರಲಾರದ ತಾಣಗಳು ಜಗತ್ತಿನಾದ್ಯಂತ ಎಷ್ಟಿದ್ದವೆಂದರೆ ಏಳನೆಯ ಆವೃತ್ತಿಯ ಬೆಂಬಲದ ಗಡುವನ್ನು ಮತ್ತೆ ಮತ್ತೆ ಮುಂದೂಡಿ, ಕೊನೆಗೆ 2025ರ ಜನವರಿಯಲ್ಲಿ ಮುಗಿಸಬೇಕಾಯಿತು. ಸಂಬಳದ ತಂತ್ರಜ್ಞರಿರುವ ವಿಶ್ವವಿದ್ಯಾಲಯಕ್ಕೆ ಹೊಂದುವ ತಂತ್ರಾಂಶ, ಗೌರವ ಕಾರ್ಯದರ್ಶಿಯೊಬ್ಬರ ಉತ್ಸಾಹದ ಮೇಲೆ ನಡೆಯುವ ಸಂಘಕ್ಕೆ ಹೊರೆಯಾಗಬಲ್ಲದು ಎಂಬುದನ್ನು ಇದು ತೋರಿಸುತ್ತದೆ.

ಕನ್ನಡ ಒಡ್ಡುವ ಪರೀಕ್ಷೆಗಳು

ತಂತ್ರಾಂಶಗಳ ಹೋಲಿಕೆಗಾಗಿ ಬರೆಯುವ ಲೇಖನಗಳು ಸಾಮಾನ್ಯವಾಗಿ ಇಂಗ್ಲಿಷ್ ತಾಣವನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತವೆಯಾದ್ದರಿಂದ, ಕನ್ನಡ ಪಠ್ಯವನ್ನು ಹಾಕಿದಾಗ ಮಾತ್ರ ಬೆಳಕಿಗೆ ಬರುವ ತೊಡಕುಗಳು ಅವುಗಳಲ್ಲಿ ಕಾಣಿಸುವುದಿಲ್ಲ. ಮೊದಲನೆಯದು ಪುಟದ ವಿಳಾಸಕ್ಕೆ ಸಂಬಂಧಿಸಿದ್ದು. ವಿಷಯ ನಿರ್ವಹಣಾ ತಂತ್ರಾಂಶಗಳು ಲೇಖನದ ಶೀರ್ಷಿಕೆಯಿಂದಲೇ ವಿಳಾಸದ ಕೊನೆಯ ಭಾಗವನ್ನು ರಚಿಸುತ್ತವೆ. ಜಾಲವಿಳಾಸಗಳಲ್ಲಿ ಲ್ಯಾಟಿನ್ ಅಲ್ಲದ ಅಕ್ಷರಗಳನ್ನು ಬೈಟುಗಳಾಗಿ ಒಡೆದು, ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಅದರ ಮುಂದೆ ಎರಡು ಸಂಕೇತಗಳಿಂದ ಬರೆಯುವುದು ನಿಯಮ. ಇಂದು ಸಾರ್ವತ್ರಿಕವಾಗಿ ಬಳಸುವ ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿ ಕನ್ನಡದ ಪ್ರತಿ ಅಕ್ಷರವೂ ಪ್ರತಿ ಸ್ವರಚಿಹ್ನೆಯೂ ಮೂರು ಮೂರು ಬೈಟುಗಳನ್ನು ಬೇಡುವುದರಿಂದ ಒಂದೊಂದಕ್ಕೂ ಒಂಬತ್ತು ಸ್ಥಾನ ಬೇಕಾಗುತ್ತದೆ. ವರ್ಡ್‌ಪ್ರೆಸ್ಸಿನ ಡೇಟಾಬೇಸಿನಲ್ಲಿ ವಿಳಾಸದ ಈ ಭಾಗಕ್ಕೆ ಮೀಸಲಾಗಿರುವುದು 200 ಸ್ಥಾನಗಳು. ಹಾಗಾಗಿ ಸುಮಾರು 22 ಕನ್ನಡ ಚಿಹ್ನೆಗಳು ಮುಗಿಯುವಷ್ಟರಲ್ಲಿ ಜಾಗ ತುಂಬಿಬಿಡುತ್ತದೆ: ‘ಮೈಸೂರು ಸಂಸ್ಥಾನದ ನೀರಾವರಿ ವ್ಯವಸ್ಥೆ’ ಎಂಬ ಶೀರ್ಷಿಕೆಯಲ್ಲಿ ‘ನೀರಾವರಿ’ಯವರೆಗಿನ ಭಾಗ ಉಳಿದು ಕೊನೆಯ ಪದ ಬಿದ್ದುಹೋಗುತ್ತದೆ. ಮುಂದೊಂದು ದಿನ ‘ಮೈಸೂರು ಸಂಸ್ಥಾನದ ನೀರಾವರಿ ಇತಿಹಾಸ’ ಎಂಬ ಲೇಖನ ಬಂದರೆ ಅದಕ್ಕೂ ಅದೇ ವಿಳಾಸ ಸಿದ್ಧವಾಗಿ, ತಂತ್ರಾಂಶ ಕೊನೆಗೆ ಎರಡು ಎಂಬ ಅಂಕಿಯನ್ನು ಸೇರಿಸಿ ಸುಮ್ಮನಾಗುತ್ತದೆ. ಇಂತಹ ವಿಳಾಸವನ್ನು ನಕಲಿಸಿ ವಾಟ್ಸ್ಆ್ಯಪಿನಲ್ಲಿ ಕಳುಹಿಸಿದರೆ ಹಲವೊಮ್ಮೆ ಶೇಕಡಾ ಚಿಹ್ನೆಗಳ ಉದ್ದನೆಯ ಸರಮಾಲೆಯೇ ಕಾಣುತ್ತದೆ. ವಿಳಾಸವನ್ನು ತಂತ್ರಾಂಶಕ್ಕೆ ಬಿಡದೆ, ಚಿಕ್ಕದಾಗಿ, ಲ್ಯಾಟಿನ್ ಲಿಪ್ಯಂತರದಲ್ಲೋ ಸಂಚಿಕೆ ಮತ್ತು ಲೇಖನದ ಸಂಖ್ಯೆಯಲ್ಲೋ ಸಂಪಾದಕರೇ ಕೊಡುವುದು ಮೇಲು. ಒಮ್ಮೆ ಕೊಟ್ಟ ವಿಳಾಸ ಬದಲಾಗಬಾರದೆಂದು ಬರ್ನರ್ಸ್-ಲೀ 1998ರಲ್ಲೇ ವಾದಿಸಿದ್ದರು; ತಂತ್ರಾಂಶ ಬದಲಿಸಿದ ಮೇಲೂ ಹಳೆಯ ವಿಳಾಸಗಳನ್ನು ಕಾಪಾಡಿಕೊಳ್ಳಬೇಕಾದರೆ ಅವು ಯಾವುದೇ ಒಂದು ತಂತ್ರಾಂಶದ ಅಭ್ಯಾಸಕ್ಕೆ ಕಟ್ಟುಬಿದ್ದಿರಬಾರದು.

ಎರಡನೆಯದು ಹುಡುಕಾಟ. ತಾಣದೊಳಗಿನ ಲೇಖನಗಳನ್ನು ಹುಡುಕುವ ಸಣ್ಣ ತಂತ್ರಾಂಶಗಳಲ್ಲಿ ಬಹಳಷ್ಟು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿವೆ. ಆ ಭಾಷೆಯಲ್ಲಿ ಪದದ ಅಕ್ಷರಗಳನ್ನು ಗುರುತಿಸುವ ಹಳೆಯ ಸಂಕೇತಸೂತ್ರಕ್ಕೆ ಇಂಗ್ಲಿಷಿನ 26 ಅಕ್ಷರಗಳು, ಅಂಕಿಗಳು ಮತ್ತು ಅಡಿಗೆರೆ ಮಾತ್ರ ಪದದ ಭಾಗ, ಉಳಿದದ್ದೆಲ್ಲ ವಿರಾಮ. ಆ ಸೂತ್ರವನ್ನು ನೆಚ್ಚಿದ ಹುಡುಕು ಸಾಧನಕ್ಕೆ ಕನ್ನಡದ ಇಡೀ ಲೇಖನವೇ ಖಾಲಿ ಜಾಗವಾಗಿ ಕಾಣುತ್ತದೆ. ಇನ್ನು ಕೆಲವು ಸಾಧನಗಳು ವ್ಯಂಜನಗಳನ್ನು ಅಕ್ಷರವೆಂದು ಒಪ್ಪಿ ಸ್ವರಚಿಹ್ನೆಗಳನ್ನು ಒಪ್ಪುವುದಿಲ್ಲವಾದ್ದರಿಂದ ಪದಗಳು ನಡುವೆಯೇ ಹೋಳಾಗುತ್ತವೆ. ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ: ‘ಕೋ’ ಎಂಬಲ್ಲಿನ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆ ಎಂಬ ಮೂರು ಚಿಹ್ನೆಗಳ ಸರಣಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಂಡರೂ ಹುಡುಕುವ ತಂತ್ರಾಂಶಕ್ಕೆ ಅವು ಬೇರೆಬೇರೆ. ‘ಸಾಫ್ಟ್‌ವೇರ್’ ಎಂಬಂತಹ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ನಡುವೆ ಸೇರಿಸುವ ಕಣ್ಣಿಗೆ ಕಾಣದ ಚಿಹ್ನೆಯೂ ಇಂಥದ್ದೇ ಗೊಂದಲ ಹುಟ್ಟಿಸುತ್ತದೆ, ಏಕೆಂದರೆ ಹುಡುಕುವ ಓದುಗ ಅದನ್ನು ಒತ್ತಿರಲೇಬೇಕೆಂದಿಲ್ಲ. ಬೇರೆಬೇರೆ ಸರಣಿಗಳನ್ನು ಒಂದೇ ರೂಪಕ್ಕೆ ತರುವ ಏಕರೂಪೀಕರಣ ಎಂಬ ಪ್ರಕ್ರಿಯೆ ಯೂನಿಕೋಡಿನಲ್ಲೇ ನಿಗದಿಯಾಗಿದೆ. ಪಠ್ಯವನ್ನು ಉಳಿಸುವಾಗಲೂ ಹುಡುಕುವಾಗಲೂ ಅದು ನಡೆಯುತ್ತದೆಯೇ ಎಂದು ತಂತ್ರಾಂಶ ಒದಗಿಸುವವರನ್ನು ಕೇಳಬೇಕು, ಕಾಣದ ಚಿಹ್ನೆಯನ್ನು ಹುಡುಕುವಾಗ ಬದಿಗಿಡಲಾಗುತ್ತದೆಯೇ ಎಂದೂ ಕೇಳಬೇಕು.

ಇನ್ನುಳಿದವು ಪುಟದ ನೋಟಕ್ಕೆ ಸಂಬಂಧಿಸಿದವು. ಸಿದ್ಧ ಥೀಮುಗಳು, ಅಂದರೆ ಪುಟದ ರೂಪವನ್ನು ನಿರ್ಧರಿಸುವ ಅಚ್ಚುಗಳು, ಸಾಲುಗಳ ನಡುವಿನ ಅಂತರವನ್ನು ಲ್ಯಾಟಿನ್ ಲಿಪಿಯ ಎತ್ತರಕ್ಕೆ ಹೊಂದಿಸಿರುವುದರಿಂದ ಶೀರ್ಷಿಕೆಗಳಲ್ಲಿ ಕನ್ನಡದ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಮೆನುಗಳಲ್ಲಿ ಒತ್ತಕ್ಷರದ ಅಡಿಭಾಗ ಕತ್ತರಿಸಿಹೋಗುತ್ತದೆ. ಉದ್ದನೆಯ ಸಮಾಸಪದಗಳು ಮೊಬೈಲಿನ ಕಿರಿದಾದ ಪರದೆಯಿಂದ ಹೊರಚಾಚುತ್ತವೆ. ಫಾಂಟಿನ ವಿಷಯದಲ್ಲಿ ಮಾತ್ರ ಪರಿಸ್ಥಿತಿ ಬಹಳ ಸುಧಾರಿಸಿದೆ: ಮುಕ್ತ ಪರವಾನಗಿಯ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ತಿರೋ ಕನ್ನಡ ಮೊದಲಾದವು ಎಲ್ಲರಿಗೂ ಲಭ್ಯವಿವೆ. ಆಂಡ್ರಾಯ್ಡ್, ವಿಂಡೋಸ್, ಆ್ಯಪಲ್ ಸಾಧನಗಳಲ್ಲೆಲ್ಲ ಕನ್ನಡ ಫಾಂಟ್ ಮೊದಲೇ ಇರುವುದರಿಂದ, ಓದುವುದಕ್ಕೆಂದೇ ಇರುವ ತಾಣ ಪ್ರತ್ಯೇಕ ಫಾಂಟನ್ನು ಇಳಿಸದೆಯೂ ನಡೆಯಬಲ್ಲದು. ಸಾವಿರ ಪದಗಳ ಕನ್ನಡ ಲೇಖನದ ತೂಕ 30 ಕಿಲೋಬೈಟಿನ ಆಸುಪಾಸಿನಲ್ಲಿದ್ದರೆ, ಅದರ ಮೇಲೆ ಹೇರುವ ಚಿತ್ರಗಳು, ಫಾಂಟುಗಳು ಮತ್ತು ಜಾವಾಸ್ಕ್ರಿಪ್ಟ್ ಸೇರಿ ಹಲವು ಮೆಗಾಬೈಟ್ ಆಗಿಬಿಡುವುದು ಸಾಮಾನ್ಯ; ಸಿಗ್ನಲ್ ದುರ್ಬಲವಾಗಿರುವ ಮಲೆನಾಡಿನ ಹಳ್ಳಿಯಲ್ಲಿ ಕುಳಿತ ಓದುಗನಿಗೆ ಈ ವ್ಯತ್ಯಾಸವೇ ಪುಟ ತೆರೆಯುವುದಕ್ಕೂ ತೆರೆಯದಿರುವುದಕ್ಕೂ ಕಾರಣವಾಗುತ್ತದೆ.

ಪುಟದ ಭಾಷೆ ಯಾವುದೆಂದು ತಿಳಿಸುವ ಒಂದು ಸಣ್ಣ ಸೂಚಕ ಎಚ್‌ಟಿಎಂಎಲ್ ಕಡತದ ಮೊದಲಿಗೇ ಇರುತ್ತದೆ. ಅಸಂಖ್ಯ ಕನ್ನಡ ತಾಣಗಳಲ್ಲಿ ಅದು ಇಂಗ್ಲಿಷ್ ಎಂದೇ ಉಳಿದುಬಿಟ್ಟಿರುವುದಕ್ಕೆ ಥೀಮ್ ಮಾಡಿದವರು ಹಾಗೆ ಬರೆದದ್ದನ್ನು ಯಾರೂ ತಿದ್ದದಿರುವುದು ಕಾರಣ. ದೃಷ್ಟಿದೋಷವುಳ್ಳವರು ಬಳಸುವ ಪರದೆ ಓದುಗ ತಂತ್ರಾಂಶಗಳು, ಉದಾಹರಣೆಗೆ ಉಚಿತವಾಗಿ ಸಿಗುವ ಎನ್‌ವಿಡಿಎ, ಕನ್ನಡವನ್ನು ಇ-ಸ್ಪೀಕ್ ಎಂಬ ಧ್ವನಿಯಂತ್ರದ ಮೂಲಕ ಓದಬಲ್ಲವು. ಯಾವ ಧ್ವನಿಯಲ್ಲಿ ಓದಬೇಕೆಂಬುದನ್ನು ಅವು ಅರಿಯುವುದು ಈ ಸೂಚಕದಿಂದ. ಈ ಒಂದು ಪದವನ್ನು ತಿದ್ದುವ ಅವಕಾಶವನ್ನೂ ಕೊಡದ ತಂತ್ರಾಂಶ ಉಳಿದ ವಿಷಯಗಳಲ್ಲಿ ಎಷ್ಟೇ ಸೊಗಸಾಗಿದ್ದರೂ ಕನ್ನಡ ಸಂಸ್ಥೆಗೆ ತಕ್ಕುದಲ್ಲ.

ಬಿಟ್ಟುಕೊಡುವವು, ಬಿಟ್ಟುಕೊಡದವು

ಮೌಸಿನಿಂದ ಎಳೆದು ಜೋಡಿಸುತ್ತ ಇಡೀ ತಾಣವನ್ನು ಕಟ್ಟುವ ಬಾಡಿಗೆ ಸೇವೆಗಳು ಹೊಸಬರನ್ನು ಸೆಳೆಯುವುದು ಸಹಜ. ಸರ್ವರಿನ ನಿರ್ವಹಣೆ, ಸುರಕ್ಷತೆ, ತಂತ್ರಾಂಶದ ನವೀಕರಣ ಎಲ್ಲವನ್ನೂ ಕಂಪನಿಯೇ ನೋಡಿಕೊಳ್ಳುತ್ತದೆ. ಹೋಟೆಲು, ಕ್ಲಿನಿಕ್ಕು, ಕೋಚಿಂಗ್ ಕೇಂದ್ರದಂತಹ ಐದಾರು ಪುಟಗಳ ತಾಣಕ್ಕೆ ಇದು ಸರಿಯಾದ ಆಯ್ಕೆಯೇ. ಬರಹವೇ ಬಂಡವಾಳವಾಗಿರುವ ಸಂಸ್ಥೆ ಮಾತ್ರ ಒಳಹೊಗುವ ಮೊದಲು ಹೊರಬರುವ ಬಾಗಿಲನ್ನು ನೋಡಿಕೊಳ್ಳಬೇಕು. ವಿಕ್ಸಿನಲ್ಲಿ ಕಟ್ಟಿದ ತಾಣವನ್ನು ಇಡಿಯಾಗಿ ಬೇರೊಂದು ಸರ್ವರಿಗೆ ಸಾಗಿಸುವ ಅವಕಾಶವಿಲ್ಲ. ಸ್ಕ್ವೇರ್‌ಸ್ಪೇಸಿನಲ್ಲಿ ಭಾಗಶಃ ಇದೆ. 1994ರಲ್ಲಿ ಆರಂಭವಾಗಿ, 1999ರಲ್ಲಿ ಯಾಹೂ ಕೊಂಡುಕೊಂಡ ಜಿಯೋಸಿಟೀಸ್ ಎಂಬ ಉಚಿತ ಸೇವೆಯಲ್ಲಿ ಲಕ್ಷಾಂತರ ಜನರು ತಮ್ಮ ಪುಟಗಳನ್ನು ಇಟ್ಟಿದ್ದರು. 2009ರ ಅಕ್ಟೋಬರಿನಲ್ಲಿ ಜಪಾನಿನ ಶಾಖೆಯೊಂದನ್ನು ಬಿಟ್ಟು ಅದನ್ನು ಮುಚ್ಚಿದಾಗ ಉಳಿದದ್ದು ಬಹುಪಾಲು ಸ್ವಯಂಸೇವಕರು ತರಾತುರಿಯಲ್ಲಿ ನಕಲು ಮಾಡಿಕೊಂಡಷ್ಟು.

ವರ್ಡ್‌ಪ್ರೆಸ್ಸಿನಂತಹ ಮುಕ್ತ ತಂತ್ರಾಂಶದೊಳಗೂ ಈ ಬಗೆಯ ಬಂಧನ ಹಿಂಬಾಗಿಲಿನಿಂದ ಬರಬಹುದು. ಪುಟವಿನ್ಯಾಸವನ್ನು ಎಳೆದು ಜೋಡಿಸಲು ಅನುವು ಮಾಡುವ ಪೇಜ್ ಬಿಲ್ಡರ್ ಪ್ಲಗಿನ್ನುಗಳು, ಅಂದರೆ ಮೂಲ ತಂತ್ರಾಂಶಕ್ಕೆ ಸೇರಿಸುವ ಉಪತಂತ್ರಾಂಶಗಳು, ಲೇಖನದ ನಡುನಡುವೆ ಚೌಕ ಆವರಣಗಳಲ್ಲಿ ತಮ್ಮದೇ ಸಂಕೇತಗಳನ್ನು ತುಂಬುತ್ತವೆ, ಅಥವಾ ಪಠ್ಯವನ್ನು ತಮ್ಮದೇ ವಿನ್ಯಾಸದ ಕಟ್ಟಿನೊಳಗೆ ಬೇರೆಡೆ ಇಡುತ್ತವೆ. ಮುಂದೆ ಆ ಪ್ಲಗಿನ್ ನಿಂತುಹೋದರೆ ನೂರಾರು ಲೇಖನಗಳಿಂದ ಆ ಸಂಕೇತಗಳನ್ನು ಕೈಯಾರೆ ಹೆಕ್ಕಿ ತೆಗೆಯಬೇಕಾಗುತ್ತದೆ. ಹಲವರು ಸೇರಿ ಬರೆಯುವ, ತಾಂತ್ರಿಕ ಹಿನ್ನೆಲೆ ಇಲ್ಲದ ಸಂಪಾದಕ ಮಂಡಳಿಗೆ ವರ್ಡ್‌ಪ್ರೆಸ್ ಇಂದಿಗೂ ಒಳ್ಳೆಯ ಆಯ್ಕೆ. ಅದರೊಂದಿಗೆ ಬರುವ ಮೂಲ ಥೀಮ್, ಬೆರಳೆಣಿಕೆಯ ಪ್ಲಗಿನ್ನು, ಬೇರೊಂದು ಕಡೆ ಉಳಿಸುವ ಬ್ಯಾಕಪ್ಪು ಇವಿಷ್ಟರಲ್ಲಿ ನಿಂತರೆ ಅದು ಬಹುಕಾಲ ನಡೆಯುತ್ತದೆ. ನವೀಕರಣವನ್ನು ಮಾತ್ರ ಯಾವ ತಿಂಗಳೂ ಬಿಡುವಂತಿಲ್ಲ. ತಾಣಗಳ ಮೇಲೆ ದಾಳಿ ಮಾಡುವವರು ಹುಡುಕುವುದು ಪ್ರಸಿದ್ಧ ಸಂಸ್ಥೆಗಳನ್ನಲ್ಲ, ಹಳೆಯ ಪ್ಲಗಿನ್ನುಗಳನ್ನು. ಮತ್ತು ಪಿಎಚ್‌ಪಿಯಂತಹ ತಳಹದಿಯೂ ನಿಂತಲ್ಲಿ ನಿಲ್ಲುವುದಿಲ್ಲ, ಅದರ 7.4ನೆಯ ಆವೃತ್ತಿಯ ಬೆಂಬಲ 2022ರ ನವೆಂಬರಿನಲ್ಲಿ ಮುಗಿಯಿತು.

ಇನ್ನೊಂದು ದಾರಿ ಮೊದಲ ತಾಣದ ಸರಳತೆಗೆ ಹತ್ತಿರವಾದದ್ದು. ಜಾನ್ ಗ್ರೂಬರ್ 2004ರಲ್ಲಿ ಪರಿಚಯಿಸಿದ ಮಾರ್ಕ್‌ಡೌನ್ ಎಂಬ ಬರೆಹಪದ್ಧತಿಯಲ್ಲಿ ಶೀರ್ಷಿಕೆ, ಒತ್ತು, ಕೊಂಡಿಗಳನ್ನು ಒಂದೆರಡು ಸಾಮಾನ್ಯ ಚಿಹ್ನೆಗಳಿಂದ ಸೂಚಿಸಲಾಗುತ್ತದೆ. ಹಾಗೆ ಬರೆದ ಲೇಖನ ಯಾವ ಕಂಪ್ಯೂಟರಿನಲ್ಲಾದರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಲ್ಲ ಸರಳ ಕಡತವಾಗಿರುತ್ತದೆ. 2008ರ ಜೆಕಿಲ್, 2013ರ ಹ್ಯೂಗೊ ಮೊದಲಾದ ಸ್ಥಿರತಾಣ ತಯಾರಕಗಳು ಈ ಕಡತಗಳನ್ನು ಓದಿ, ಎಲ್ಲ ಪುಟಗಳನ್ನೂ ಒಮ್ಮೆಲೇ ಎಚ್‌ಟಿಎಂಎಲ್ ರೂಪದಲ್ಲಿ ಸಿದ್ಧಪಡಿಸುತ್ತವೆ. ಸರ್ವರಿನಲ್ಲಿ ಡೇಟಾಬೇಸಿಲ್ಲ, ಪಿಎಚ್‌ಪಿಯಿಲ್ಲ. ಆದುದರಿಂದ ದಾಳಿಗೆ ಒಡ್ಡಿಕೊಳ್ಳುವ ಭಾಗವೂ ಅತ್ಯಲ್ಪ, ಹೋಸ್ಟಿಂಗ್, ಅಂದರೆ ಸರ್ವರಿನಲ್ಲಿ ಜಾಗ ಪಡೆಯುವ ವೆಚ್ಚವೂ ಅತ್ಯಲ್ಪ. ನಾಳೆ ಹ್ಯೂಗೊ ನಿಂತುಹೋದರೂ ಲೇಖನಗಳ ಕಡತಗಳು ಇದ್ದಂತೆಯೇ ಇರುತ್ತವೆ, ಸಿದ್ಧವಾದ ಪುಟಗಳೂ ತೆರೆದುಕೊಳ್ಳುತ್ತಲೇ ಇರುತ್ತವೆ. ತಿಂಗಳಿಗೊಮ್ಮೆ ಹೊಸ ಬರಹ ಸೇರುವ, ಹಳೆಯ ಸಂಚಿಕೆಗಳ ಸಂಗ್ರಹವೇ ಮುಖ್ಯವಾಗಿರುವ ಪತ್ರಿಕೆಗೆ ಅಥವಾ ಗ್ರಂಥಾಲಯಕ್ಕೆ ಇದಕ್ಕಿಂತ ಸೂಕ್ತವಾದದ್ದು ಕಾಣದು. ಆದರೆ ಕಡತಗಳನ್ನು ಸಿದ್ಧಪಡಿಸಿ ಏರಿಸಲು ಬಲ್ಲವರು ಕನಿಷ್ಠ ಇಬ್ಬರಿರಬೇಕು; ಒಬ್ಬರೇ ಇದ್ದು ಅವರು ಊರು ಬಿಟ್ಟರೆ ತಾಣ ಅಲ್ಲಿಗೇ ನಿಲ್ಲುತ್ತದೆ.

ಫೇಸ್‌ಬುಕ್ 2013ರಲ್ಲಿ ಬಿಡುಗಡೆ ಮಾಡಿದ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಸಾಧನ ಮತ್ತು ಅದರ ಸುತ್ತ ಬೆಳೆದ ಇತರ ಸಾಧನಗಳ ಹೆಸರು ಇಂದು ಪ್ರತಿಯೊಂದು ಪ್ರಸ್ತಾವನೆಯಲ್ಲೂ ಕಾಣಿಸುತ್ತದೆ. ಟಿಕೆಟ್ ಕಾಯ್ದಿರಿಸುವ, ಬ್ಯಾಂಕಿನ ಖಾತೆ ತೋರಿಸುವ, ಕ್ಷಣಕ್ಷಣಕ್ಕೂ ಬದಲಾಗುವ ಪರದೆಗಳಿಗೆ ಅವು ಬೇಕು. ಓದಲೆಂದೇ ಇರುವ ಪುಟಗಳಿಗೆ ಬೇಕಿಲ್ಲ.

ಹೆಸರು, ಕೀಲಿ ಮತ್ತು ಒಂದು ಪರೀಕ್ಷೆ

ತಂತ್ರಾಂಶ ಯಾವುದೇ ಆದರೂ ಡೊಮೇನ್, ಅಂದರೆ ತಾಣದ ಹೆಸರು, ಸಂಸ್ಥೆಯ ಹೆಸರಿನಲ್ಲೇ ನೋಂದಣಿಯಾಗಿರಬೇಕು. ಜಾಲತಾಣ ಮಾಡಿಕೊಡುವವರು ತಮ್ಮ ಖಾತೆಯಲ್ಲಿ, ತಮ್ಮ ಇಮೇಲ್ ಕೊಟ್ಟು ನೋಂದಾಯಿಸುವ ಪದ್ಧತಿ ವ್ಯಾಪಕವಾಗಿದೆ. ಅವರೊಂದಿಗೆ ಸಂಬಂಧ ಕಡಿದರೆ, ಅಥವಾ ಅವರು ನವೀಕರಣ ಶುಲ್ಕ ಕಟ್ಟಲು ಮರೆತರೆ, ಹತ್ತಾರು ವರ್ಷಗಳ ವಿಳಾಸ ಒಂದೇ ದಿನದಲ್ಲಿ ಕೈತಪ್ಪುತ್ತದೆ. ಡಾಟ್ ಇನ್ ವಿಳಾಸಗಳ ಹೊಣೆ ಹೊತ್ತಿರುವ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾದ ಮಾನ್ಯತೆ ಪಡೆದ ನೋಂದಣಿದಾರರಲ್ಲಿ ಸಂಸ್ಥೆಯೇ ಖಾತೆ ತೆರೆದು, ಅಧ್ಯಕ್ಷರು ಬದಲಾದರೂ ಬದಲಾಗದ ಇಮೇಲ್ ವಿಳಾಸವನ್ನು ಕೊಡುವುದು ಸರಿಯಾದ ಕ್ರಮ. ‘.ಭಾರತ’ ಎಂಬ ಕನ್ನಡದ ಡೊಮೇನ್ ಕೂಡ ಈಗ ಲಭ್ಯವಿದೆ. ಒಳಗೆ ಅದು ಲ್ಯಾಟಿನ್ ಅಕ್ಷರಗಳ ಸಂಕೇತವಾಗಿ ಪರಿವರ್ತನೆಗೊಂಡು ಕೆಲಸ ಮಾಡುವುದರಿಂದ ಕೆಲವು ಅರ್ಜಿನಮೂನೆಗಳು ಅದನ್ನು ಇನ್ನೂ ಒಪ್ಪದಿರಬಹುದು, ಹಾಗಾಗಿ ಡಾಟ್ ಇನ್ ವಿಳಾಸದ ಜೊತೆಗೆ ಅದನ್ನೂ ಇಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟನ್ನು ತಿಳಿದ ಮೇಲೂ ಕೊನೆಯ ತೀರ್ಮಾನವನ್ನು ಹೋಲಿಕೆಯ ಪಟ್ಟಿಗಳಿಂದಲ್ಲ, ಸಂಸ್ಥೆಯದೇ ಪಠ್ಯದಿಂದ ಮಾಡಬೇಕು. ತನ್ನ ಸಂಗ್ರಹದಿಂದ ಅತ್ಯಂತ ಕಷ್ಟದ ಹತ್ತು ಬರಹಗಳನ್ನು ಆರಿಸಿಕೊಳ್ಳಬೇಕು: ಕಂದಪದ್ಯಗಳಿರುವ ಒಂದು ವಿಮರ್ಶೆ, ಹಳಗನ್ನಡದ ಱಕಾರ ಮತ್ತು ೞಕಾರಗಳಿರುವ ಒಂದು ಶಾಸನಪಾಠ, ಅಡಿಟಿಪ್ಪಣಿಗಳು ತುಂಬಿದ ಒಂದು ಸಂಶೋಧನ ಲೇಖನ, ಕೋಷ್ಟಕವಿರುವ ಒಂದು ವರದಿ, ಹಳೆಯ ಫಾಂಟಿನಿಂದ ಪರಿವರ್ತಿಸಿದ ಒಂದೆರಡು ಬರಹ. ಇವನ್ನು ಆಯ್ಕೆಯ ತಂತ್ರಾಂಶದಲ್ಲಿ ಪ್ರಕಟಿಸಿ, ಅಗ್ಗದ ಮೊಬೈಲಿನಲ್ಲಿ ಓದಿ, ಪದವೊಂದನ್ನು ಹುಡುಕಿ, ಪರದೆ ಓದುಗದಲ್ಲಿ ಕೇಳಿಸಿಕೊಂಡು, ಆ ಬಳಿಕ ಎಲ್ಲವನ್ನೂ ಹೊರತೆಗೆದು ಜಾಲಸಂಪರ್ಕವಿಲ್ಲದ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಪದ್ಯದ ಸಾಲುಗಳು ಒಡೆಯದೆ, ಅಡಿಟಿಪ್ಪಣಿಗಳ ಕೊಂಡಿ ತಪ್ಪದೆ, ೞಕಾರ ಖಾಲಿ ಚೌಕವಾಗದೆ ಹೊರಬಂದಿದ್ದರೆ ಒಪ್ಪಂದಕ್ಕೆ ಸಹಿ ಹಾಕಬಹುದು; ಇಲ್ಲವಾದರೆ ಅದೇ ಹತ್ತು ಬರಹಗಳನ್ನು ಮುಂದಿನ ತಂತ್ರಾಂಶಕ್ಕೆ ಕೊಟ್ಟು ನೋಡಬೇಕು.